ಖಾಲಿ ಜಾಗವಿದ್ದೂ ‘ಇಲ್ಲ’ ಎಂದ ಕರ್ನಲ್

ಮೆಮೊರಿ ತುಂಬಿದಾಗ ಯಾವ ದತ್ತಾಂಶವನ್ನು ಎಲ್ಲಿಡಬೇಕೆಂದು ನಿರ್ಧರಿಸುವ ಲಿನಕ್ಸ್ ಕರ್ನಲ್‌ನ ಪುಟ್ಟ ಭಾಗವೊಂದರಲ್ಲಿ 2024ರಲ್ಲಿ ದೋಷ ಕಂಡಿತು, ಅದೇ ವರ್ಷ ಸರಿಯೂ ಆಯಿತು. ಅಂಥ ಕೆಲಸದಲ್ಲಿ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ವಿದ್ಯಾರ್ಥಿಗಳಿಗೂ ಪಾಲಿರಬೇಕು ಎನ್ನುವುದಕ್ಕೆ ಬಲವಾದ ಕಾರಣಗಳಿವೆ.

ಮುಂಗಾರಿನ ಬೆಳೆ ಸಮೀಕ್ಷೆ ಶುರುವಾಯಿತೆಂದರೆ ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿ ಕಡೆಯ ರಾಗಿ ಹೊಲಗಳ ಬದುವಿನ ಮೇಲೆ ಫೋನ್ ಹಿಡಿದು ನಿಂತವರು ಕಾಣುತ್ತಾರೆ. ತಮ್ಮ ಬೆಳೆಯ ವಿವರವನ್ನು ರೈತರೇ ಆ್ಯಪ್‌ನಲ್ಲಿ ದಾಖಲಿಸುವ ವ್ಯವಸ್ಥೆ ರಾಜ್ಯದಲ್ಲಿ 2020ರಿಂದ ಇದೆ. ಸರ್ವೆ ನಂಬರ್ ಆರಿಸಬೇಕು, ನಕ್ಷೆ ತೆರೆಯಬೇಕು, ಬೆಳೆಯ ಹೆಸರು, ವಿಸ್ತೀರ್ಣ ತುಂಬಬೇಕು, ಹೊಲದೊಳಗೆ ನಿಂತು ಫೋಟೊ ತೆಗೆಯಬೇಕು. ಇಷ್ಟೆಲ್ಲ ತುಂಬಿ ಇನ್ನೇನು ಫೋಟೊ ತೆಗೆಯಬೇಕು ಎನ್ನುವಾಗ ಯಾರದೋ ಕರೆ ಬರುತ್ತದೆ. ಮಾತು ಮುಗಿಸಿ ಆ್ಯಪ್‌ಗೆ ಮರಳಿದರೆ ಅದು ಮೊದಲ ಪರದೆಗೆ ಹೋಗಿ ಕೂತಿರುತ್ತದೆ. ತುಂಬಿದ್ದೆಲ್ಲ ಹೋಯಿತು, ಮತ್ತೆ ಮೊದಲಿನಿಂದ ಶುರು.

ಆಗ ನಾವು ನೆಟ್‌ವರ್ಕನ್ನು ಬೈಯುತ್ತೇವೆ. ಎಷ್ಟೋ ಸಲ ಅದು ನಿಜವೇ. ಆ್ಯಪ್ ಬರೆದವರ ತಪ್ಪೂ ಇರಬಹುದು. ಆದರೆ ಕಡಿಮೆ ಬೆಲೆಯ, ಕಡಿಮೆ ರ‍್ಯಾಮ್ ಇರುವ ಫೋನ್‌ಗಳಲ್ಲಿ ಮೂರನೆಯ ಕಾರಣವೊಂದು ಇರುತ್ತದೆ. ಕರೆಯ ಪರದೆ ಮುಂದೆ ಬಂದಾಗ ಮೆಮೊರಿ ಸಾಲದೇ ಹೋಯಿತು. ಹಿನ್ನೆಲೆಗೆ ಸರಿದಿದ್ದ ಆ್ಯಪನ್ನು ಉಳಿಸಿಕೊಳ್ಳಲು ಆಗದೆ ಆಂಡ್ರಾಯ್ಡ್ ಅದನ್ನು ಮುಚ್ಚಿಬಿಟ್ಟಿತು. ಹಾಗೆ ಮುಚ್ಚುವುದಕ್ಕೆಂದೇ ಅದರಲ್ಲಿ ಒಂದು ಪ್ರೋಗ್ರಾಂ ಸದಾ ಕಾದಿರುತ್ತದೆ.

ಹಾಗೆ ಮುಚ್ಚುವ ಪ್ರಸಂಗ ಆದಷ್ಟು ತಡವಾಗಿ ಬರಲಿ ಎಂದು ದುಡಿಯುವ ಇನ್ನೊಂದು ಏರ್ಪಾಡು ಅದೇ ಫೋನಿನಲ್ಲಿದೆ. ಅದರ ಹೆಸರು ಸ್ವಾಪ್. ಈ ಲೇಖನ ಅದರ ಕುರಿತು. ಅದರಲ್ಲಿ ಜಾಗ ಹಂಚುವ ಲೆಕ್ಕ ತಪ್ಪಿದರೆ ಏನಾಗುತ್ತದೆ, ತಪ್ಪಿದ್ದನ್ನು ಹೇಗೆ ಹಿಡಿಯುತ್ತಾರೆ, ಹೇಗೆ ತಿದ್ದುತ್ತಾರೆ ಎಂಬುದನ್ನು ನೋಡೋಣ. ಸ್ವಾಪ್‌ನ ಚರಿತ್ರೆಯನ್ನು ಓದುತ್ತ ಹೋದಂತೆ ನನಗೆ ಒಂದು ಮಾತು ಗಟ್ಟಿಯಾಗಿದೆ. ಈ ಭಾಗದ ದೋಷಗಳು ಎದ್ದು ಕಾಣುವುದು ಮೆಮೊರಿ ಕಡಿಮೆ ಇದ್ದವರಿಗೆ, ಅಥವಾ ತಜ್ಞರು ಬಳಸದ ರೀತಿಯಲ್ಲಿ ಯಂತ್ರ ಬಳಸುವವರಿಗೆ. ಆದ್ದರಿಂದ ಅವನ್ನು ಹುಡುಕುವ ಕೆಲಸದಲ್ಲಿ ನಮ್ಮ ಊರುಗಳ ಕೈಯೂ ಸೇರಬೇಕು.

ಪುಟಗಳ ಲೆಕ್ಕ

ಆಂಡ್ರಾಯ್ಡ್ ಫೋನಿನ ಒಳಗಿರುವುದು ಲಿನಕ್ಸ್ ಕರ್ನಲ್. ಯಾವ ಪ್ರೋಗ್ರಾಂಗೆ ಪ್ರೊಸೆಸರ್ ಯಾವಾಗ ಸಿಗಬೇಕು, ಎಷ್ಟು ಮೆಮೊರಿ ಸಿಗಬೇಕು ಎಂಬುದನ್ನೆಲ್ಲ ತೀರ್ಮಾನಿಸುವುದು ಅದೇ. ಕರ್ನಲ್ ಮೆಮೊರಿಯನ್ನು ಪುಟಗಳ ಲೆಕ್ಕದಲ್ಲಿ ನೋಡುತ್ತದೆ. ಒಂದು ಪುಟ ಸಾಮಾನ್ಯವಾಗಿ 4 ಕೆಬಿ. 4 ಜಿಬಿ ರ‍್ಯಾಮ್ ಇರುವ ಫೋನಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು, ಸರಿಯಾಗಿ ಹೇಳಬೇಕೆಂದರೆ 10,48,576 ಪುಟಗಳಿವೆ. ವಾಟ್ಸ್‌ಆ್ಯಪ್, ಕ್ಯಾಮೆರಾ, ನಕ್ಷೆ, ಬ್ಯಾಂಕ್ ಆ್ಯಪ್, ಜೊತೆಗೆ ಆಂಡ್ರಾಯ್ಡ್ ತಾನೇ ಓಡಿಸುವ ಸೇವೆಗಳು, ಎಲ್ಲಕ್ಕೂ ಪಾಲು ಸಿಗಬೇಕಾದದ್ದು ಇದರಲ್ಲೇ.

ಪುಟಗಳು ಮುಗಿಯುತ್ತ ಬಂದಾಗ ಕರ್ನಲ್ ಎರಡು ಬಗೆಯಲ್ಲಿ ಜಾಗ ಮಾಡುತ್ತದೆ. ಕೆಲವು ಪುಟಗಳ ಪ್ರತಿ ಫೋನಿನ ಸಂಗ್ರಹದಲ್ಲಿ ಹೇಗೂ ಇರುತ್ತದೆ. ಆ್ಯಪ್‌ನ ಪ್ರೋಗ್ರಾಂ ಭಾಗ ಹಾಗಿರುವಂಥದ್ದು. ಅವನ್ನು ಅಳಿಸಿ, ಬೇಕಾದಾಗ ಮತ್ತೆ ಓದಿಕೊಂಡರೆ ಆಯಿತು. ಆದರೆ ನೀವು ತುಂಬಿದ ಬೆಳೆ ವಿವರ, ಅರ್ಧ ಬರೆದ ಸಂದೇಶ ಇಂಥವುಗಳ ಪ್ರತಿ ಬೇರೆಲ್ಲೂ ಇಲ್ಲ. ಅವನ್ನು ತೆಗೆಯುವ ಮೊದಲು ಎಲ್ಲಾದರೂ ಬರೆದಿಡಲೇಬೇಕು. ಹಾಗೆ ಬರೆದಿಡುವ ಜಾಗವೇ ಸ್ವಾಪ್.

ಲಿನಕ್ಸ್‌ಗೆ ಸ್ವಾಪ್ ಬಂದ ಬಗೆ ನೆನಪಿಡುವಂಥದ್ದು. 1991ರ ಕೊನೆಯಲ್ಲಿ ಲಿನಸ್ ಟೊರ್ವಾಲ್ಡ್ಸ್ ಬರೆಯುತ್ತಿದ್ದ ಕರ್ನಲ್‌ಗೆ ಇನ್ನೂ ವರ್ಷ ತುಂಬಿರಲಿಲ್ಲ. ಬಳಕೆದಾರರೊಬ್ಬರ ಕಂಪ್ಯೂಟರಿನಲ್ಲಿ ಇದ್ದದ್ದು ಬರೀ 2 ಎಂಬಿ ಮೆಮೊರಿ. ಅಷ್ಟರಲ್ಲಿ ಕರ್ನಲ್ ಕಂಪೈಲ್ ಮಾಡಲು ಅವರಿಗೆ ಆಗುತ್ತಿರಲಿಲ್ಲ. ಆ ಕ್ರಿಸ್‌ಮಸ್ ರಜೆಯಲ್ಲಿ ಟೊರ್ವಾಲ್ಡ್ಸ್ ಪುಟಗಳನ್ನು ಡಿಸ್ಕ್‌ಗೆ ಕಳಿಸುವ ಸಂಕೇತ ಬರೆದರು. ಅದು 1992ರ ಜನವರಿಯಲ್ಲಿ ಬಂದ 0.12 ಆವೃತ್ತಿಯ ಭಾಗವಾಯಿತು. ಸಣ್ಣ ಯಂತ್ರ ಇಟ್ಟುಕೊಂಡವರ ತೊಂದರೆಯಿಂದ ಹುಟ್ಟಿದ ಸೌಲಭ್ಯ ಇದು.

ಫೋನಿನಲ್ಲಿ ಡಿಸ್ಕ್ ಇಲ್ಲ. ಫ್ಲ್ಯಾಶ್ ಸಂಗ್ರಹಕ್ಕೆ ಪದೇ ಪದೇ ಬರೆದರೆ ಅದು ಸವೆಯುತ್ತದೆ. ಅದಕ್ಕೆ ಭಾರತೀಯ ಪ್ರೋಗ್ರಾಮರ್ ನಿತಿನ್ ಗುಪ್ತಾ ಆರಂಭಿಸಿದ ಯೋಜನೆಯೊಂದು ಪರಿಹಾರ ಕೊಟ್ಟಿತು. ರ‍್ಯಾಮ್‌ನ ಒಂದು ಭಾಗವನ್ನೇ ಸ್ವಾಪ್ ಮಾಡಿಕೊಂಡು, ಅಲ್ಲಿ ಪುಟಗಳನ್ನು ಕುಗ್ಗಿಸಿ ಇಡುವುದು ಆ ಉಪಾಯ. ಪುಟಗಳು ಸಾಮಾನ್ಯವಾಗಿ ಎರಡು ಮೂರು ಪಟ್ಟು ಕುಗ್ಗುವುದರಿಂದ ಇದ್ದ ರ‍್ಯಾಮ್‌ನಲ್ಲೇ ಹೆಚ್ಚು ಆ್ಯಪ್‌ಗಳು ಉಳಿಯುತ್ತವೆ. ಇದಕ್ಕೆ ಝೆಡ್‌ರ‍್ಯಾಮ್ ಎಂದು ಹೆಸರು. 2013ರ ಆಂಡ್ರಾಯ್ಡ್ 4.4, ಅಂದರೆ ಕಿಟ್‌ಕ್ಯಾಟ್ ಬಂದಾಗ 512 ಎಂಬಿ ರ‍್ಯಾಮ್‌ನ ಫೋನ್‌ಗಳಿಗೆ ಇದನ್ನೇ ಬಳಸಿ ಎಂಬ ಸಲಹೆ ಬಂತು. 2014ರಲ್ಲಿ ಲಿನಕ್ಸ್ 3.14ರ ಹೊತ್ತಿಗೆ ಝೆಡ್‌ರ‍್ಯಾಮ್ ಪ್ರಯೋಗದ ಹಂತ ದಾಟಿ ಕರ್ನಲ್‌ನ ಕಾಯಂ ಭಾಗವಾಯಿತು. ಇವತ್ತು ನಾಗಮಂಗಲದ ಸಂತೆಯಲ್ಲಿ ತರಕಾರಿ ಮಾರುವವರ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನಲ್ಲೂ ಬಹುಮಟ್ಟಿಗೆ ಇದು ಕೆಲಸ ಮಾಡುತ್ತಿರುತ್ತದೆ. ಅಂಗಡಿಯ ಜಾಹೀರಾತಿನಲ್ಲಿ ‘4+4 ಜಿಬಿ’ ಎಂದು ಬರೆದಿದ್ದರೆ ಎರಡನೆಯ 4 ನಿಜವಾದ ರ‍್ಯಾಮ್ ಅಲ್ಲ, ಫೋನಿನ ಸಂಗ್ರಹದಲ್ಲಿ ಕಾದಿಟ್ಟ ಸ್ವಾಪ್.

ದೊಡ್ಡ ಪುಟ, ಹೊಸ ತೊಡಕು

ಸ್ವಾಪ್ ಜಾಗವನ್ನು ಕರ್ನಲ್ ಸ್ಲಾಟ್‌ಗಳಾಗಿ ವಿಂಗಡಿಸಿಕೊಳ್ಳುತ್ತದೆ. ಒಂದು ಸ್ಲಾಟ್‌ನಲ್ಲಿ ಒಂದು ಪುಟ. ಒಂದು ಪುಟ ಹೊರಗೆ ಹೋಗಬೇಕಾದಾಗಲೆಲ್ಲ ಖಾಲಿ ಸ್ಲಾಟ್ ಹುಡುಕಿ ಅದಕ್ಕೆ ಕೊಡಬೇಕು. ಪುಟ ಮರಳಿ ಬಂದ ಮೇಲೆ ಆ ಸ್ಲಾಟನ್ನು ಬಿಡಿಸಿಕೊಳ್ಳಬೇಕು. ಯಾವ ಸ್ಲಾಟ್ ಯಾರದು, ಯಾವುದು ಖಾಲಿ ಎಂಬ ಪಟ್ಟಿ ಒಂದು ಕ್ಷಣವೂ ತಪ್ಪಬಾರದು. ಏಕಕಾಲಕ್ಕೆ ಎಂಟು ಪ್ರೊಸೆಸರ್ ಕೋರ್‌ಗಳು ಜಾಗ ಕೇಳುತ್ತಿರುವಾಗ ಈ ಕೆಲಸ ಹಗುರವಲ್ಲ. ಹುಡುಕಾಟ ಬೇಗ ಮುಗಿಯಲೆಂದು ಕರ್ನಲ್ ಸ್ಲಾಟ್‌ಗಳನ್ನು ಕ್ಲಸ್ಟರ್‌ಗಳಾಗಿ ಗುಂಪು ಮಾಡಿದೆ. ಇಂದಿನ ಹೆಚ್ಚಿನ ಯಂತ್ರಗಳಲ್ಲಿ ಒಂದು ಕ್ಲಸ್ಟರ್ ಎಂದರೆ 512 ಸ್ಲಾಟ್, ಅಂದರೆ 2 ಎಂಬಿ. ಈ ಸಂಕೇತದ ಬಹುಭಾಗ ಇರುವುದು ಕರ್ನಲ್‌ನ ‘ಸ್ವಾಪ್‌ಫೈಲ್.ಸಿ’ ಎಂಬ ಒಂದೇ ಕಡತದಲ್ಲಿ. ಮೂರು ಕೋಟಿ ಸಾಲು ಮೀರಿದ ಕರ್ನಲ್‌ನಲ್ಲಿ ಅದರ ಪಾಲು ಕೆಲವೇ ಸಾವಿರ ಸಾಲು.

ವರ್ಷಗಟ್ಟಲೆ ಈ ಏರ್ಪಾಡು ಸರಿಯಾಗೇ ಇತ್ತು. 2024ರಲ್ಲಿ ಸನ್ನಿವೇಶ ಬದಲಾಯಿತು. ಲಕ್ಷಾಂತರ ಸಣ್ಣ ಪುಟಗಳ ಲೆಕ್ಕ ಇಡುವುದೇ ಕರ್ನಲ್‌ಗೆ ಹೊರೆಯಾಗಿತ್ತು. ಅದಕ್ಕೆ ಅಕ್ಕಪಕ್ಕದ ಪುಟಗಳನ್ನು ಒಂದಾಗಿ ಹಿಡಿದು, ಉದಾಹರಣೆಗೆ 16 ಪುಟ ಸೇರಿಸಿ 64 ಕೆಬಿಯ ಒಂದು ಘಟಕ ಮಾಡಿ ನಿಭಾಯಿಸುವ ಸೌಲಭ್ಯ ಬಂತು. ಆರ್ಮ್ ಕಂಪನಿಯ ರಯಾನ್ ರಾಬರ್ಟ್ಸ್ ಮುಂದೆ ನಿಂತು ಮಾಡಿದ ಈ ಕೆಲಸ 2024ರ ಮಾರ್ಚ್‌ನಲ್ಲಿ ಬಂದ ಲಿನಕ್ಸ್ 6.8ರಲ್ಲಿ ಸೇರಿತು. ಜುಲೈನಲ್ಲಿ ಬಂದ 6.10ರಲ್ಲಿ ಇನ್ನೊಂದು ಹೆಜ್ಜೆ ಇಟ್ಟರು. ಇಂಥ ಘಟಕವನ್ನು ಒಡೆಯದೆ ಇಡಿಯಾಗಿ ಸ್ವಾಪ್‌ಗೆ ಕಳಿಸಬಹುದು ಎಂದಾಯಿತು. ಒಡೆಯದೆ ಕಳಿಸಿದರೆ ಕೆಲಸ ಒಂದೇ ಸಲಕ್ಕೆ ಮುಗಿಯುತ್ತದೆ. 64 ಕೆಬಿಯನ್ನು ಒಟ್ಟಿಗೆ ಕುಗ್ಗಿಸಿದರೆ ಹೆಚ್ಚು ಕುಗ್ಗುತ್ತದೆ. ಮುಂದೆ ಅದನ್ನು ಒಟ್ಟಿಗೇ ಒಳಗೆ ತರುವ ದಾರಿಯೂ ತೆರೆಯುತ್ತದೆ. ಪ್ರೊಸೆಸರಿನ ದುಡಿಮೆ ಕಡಿಮೆಯಾದಷ್ಟೂ ಬ್ಯಾಟರಿ ಉಳಿಯುತ್ತದೆ.

ಇಡಿಯಾಗಿ ಕಳಿಸಬೇಕಾದರೆ ಸ್ವಾಪ್‌ನಲ್ಲಿ 16 ಸ್ಲಾಟ್‌ಗಳು ಒತ್ತೊತ್ತಾಗಿ, ಸಾಲಾಗಿ ಸಿಗಬೇಕು. ಇಲ್ಲದಿದ್ದರೆ ಘಟಕವನ್ನು ಮತ್ತೆ 16 ಚೂರು ಮಾಡಿ, ಒಂದೊಂದಕ್ಕೂ ಒಂದೊಂದು ಕಡೆ ಜಾಗ ಹುಡುಕಬೇಕು.

ದೊಡ್ಡ ಪುಟಗಳನ್ನು ಫೋನ್‌ಗಳಲ್ಲಿ ಪ್ರಯೋಗಿಸುತ್ತಿದ್ದ ಒಪ್ಪೊ ಕಂಪನಿಯ ಬ್ಯಾರಿ ಸಾಂಗ್ ಇಲ್ಲೇ ತೊಡಕನ್ನು ಕಂಡರು. ಫೋನನ್ನು ಆಗಷ್ಟೇ ಆನ್ ಮಾಡಿದಾಗ ಎಲ್ಲವೂ ಚೆನ್ನ. ಕೆಲವೇ ಗಂಟೆ ಬಳಸುವಷ್ಟರಲ್ಲಿ ಇಡಿಯಾಗಿ ಹೋಗುವ ಘಟಕಗಳ ಸಂಖ್ಯೆ ಕುಸಿಯುತ್ತದೆ. ಕೊನೆಗೆ ಶೇ 100ರ ಹತ್ತಿರ ಘಟಕಗಳು ಚೂರಾಗಿಯೇ ಹೋಗುತ್ತವೆ. ಹಾಗಂತ ಸ್ವಾಪ್ ತುಂಬಿತ್ತೇ? ಇಲ್ಲ. ಜಾಗ ಧಾರಾಳವಾಗಿ ಇತ್ತು.

ಒಂದು ಸಣ್ಣ ಲೆಕ್ಕ

ಕಾರಣ ತಿಳಿಯಲು ಕಾಗದ ಪೆನ್ನು ಸಾಕು. 64 ಎಂಬಿಯ ಪುಟ್ಟ ಝೆಡ್‌ರ‍್ಯಾಮ್ ಇದೆಯೆನ್ನಿ. ಅದರಲ್ಲಿ 16,384 ಸ್ಲಾಟ್‌ಗಳು, ಅಂದರೆ 512ರ 32 ಕ್ಲಸ್ಟರ್‌ಗಳು. 6.10ರ ಕರ್ನಲ್ ದೊಡ್ಡ ಘಟಕಕ್ಕೆ ಹೊಸದಾಗಿ ಜಾಗ ಬೇಕಾದಾಗ ಪೂರ್ತಿ ಖಾಲಿಯಿರುವ ಕ್ಲಸ್ಟರನ್ನು ಮಾತ್ರ ಹುಡುಕುತ್ತಿತ್ತು. ಈಗ ಪ್ರತಿ ಕ್ಲಸ್ಟರಿನಲ್ಲೂ ಒಂದೇ ಒಂದು ಸಣ್ಣ ಪುಟ ಉಳಿದುಕೊಂಡಿದೆ ಎಂದುಕೊಳ್ಳಿ. ತುಂಬಿರುವುದು 32 ಸ್ಲಾಟ್, ಖಾಲಿ ಇರುವುದು 16,352. ಪ್ರತಿ ಕ್ಲಸ್ಟರಿನಲ್ಲಿ 16 ಸ್ಲಾಟಿನ 32 ಸಾಲುಗಳಿದ್ದು ಕೆಟ್ಟಿರುವುದು ಒಂದು, ಉಳಿದ 31 ಹಾಗೇ ಇವೆ. ಎಲ್ಲ ಕ್ಲಸ್ಟರ್ ಸೇರಿ 992 ದೊಡ್ಡ ಘಟಕಗಳಿಗೆ ಜಾಗ ತಯಾರಿದೆ. ಆದರೂ ಕರ್ನಲ್ ‘ಇಲ್ಲ’ ಅನ್ನುತ್ತದೆ, ಏಕೆಂದರೆ ಪೂರ್ತಿ ಖಾಲಿಯಿರುವ ಕ್ಲಸ್ಟರ್ ಒಂದೂ ಇಲ್ಲ!

ಸಣ್ಣ ಪುಟಗಳು ಎಲ್ಲಿ ಬೇಕೆಂದರಲ್ಲಿ ಹೋಗಿ ಕೂರುತ್ತಿದ್ದದ್ದು ಇನ್ನೊಂದು ತೊಂದರೆ. ಇದ್ದ ಖಾಲಿ ಸ್ಲಾಟ್‌ಗೆ ಅವು ನುಗ್ಗುತ್ತಿದ್ದವು. ಹಾಗಾಗಿ ಫೋನ್ ಬಳಸಿದಷ್ಟೂ ಹಾಳಾಗುವ ಕ್ಲಸ್ಟರ್‌ಗಳು ಹೆಚ್ಚುತ್ತಿದ್ದವು.

ನಮ್ಮ ಭಾಗದವರಿಗೆ ಈ ಸಂಕಟ ಹೊಸದಲ್ಲ. ಪಾಲು ಆಗಿ ಆಗಿ ಒಂದು ಮನೆಯ ಹಿಡುವಳಿ ಹೇಗಾಗಿರುತ್ತದೆ ನೋಡಿ. ನಾಲೆಯ ಕೆಳಗೆ ಹದಿನೈದು ಗುಂಟೆ, ತೋಪಿನ ಪಕ್ಕ ಹತ್ತು ಗುಂಟೆ, ಊರಾಚೆ ಇನ್ನೊಂದು ಹದಿನೈದು ಗುಂಟೆ. ಪಹಣಿಯಲ್ಲಿ ಕೂಡಿದರೆ ನಲವತ್ತು ಗುಂಟೆ, ಒಂದು ಎಕರೆ. ಆದರೆ ಒಂದೇ ಪಟ್ಟೆಯಲ್ಲಿ ಎಕರೆ ಬೇಕಾಗುವ ಕೆಲಸಕ್ಕೆ ಆ ಎಕರೆ ಒದಗುವುದಿಲ್ಲ. ಭತ್ತ ಕೊಯ್ಯುವ ಯಂತ್ರ ಅಲ್ಲಿ ತಿರುಗುವುದು ಕಷ್ಟ. ಮೂರು ಕಡೆಗೆ ಮೂರು ಪೈಪ್ ಎಳೆಯಬೇಕು. ಭೂಮಿ ಇಲ್ಲವೆಂದು ಹೇಳುವಂತಿಲ್ಲ, ಇದೆಯೆಂದರೂ ಉಪಯೋಗಕ್ಕೆ ಬರುವುದಿಲ್ಲ. ಸ್ವಾಪ್‌ನಲ್ಲಿ ಆದದ್ದೂ ಇದೇ. ಇನ್ನಷ್ಟು ಜಾಗ ಕೊಟ್ಟಿದ್ದರೆ ತೊಂದರೆ ಒಂದೆರಡು ಗಂಟೆ ಮುಂದಕ್ಕೆ ಹೋಗುತ್ತಿತ್ತು, ಅಷ್ಟೆ. ತಿದ್ದಬೇಕಾಗಿದ್ದದ್ದು ಹಂಚುವ ಕ್ರಮವನ್ನು.

ತಿದ್ದಿದ ಬಗೆ

2024ರ ಮೇ ತಿಂಗಳಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಕರ್ನಲ್‌ನ ಸಂಗ್ರಹ ಮತ್ತು ಮೆಮೊರಿ ಭಾಗಗಳ ತಜ್ಞರು ಸೇರಿದ್ದರು. ಸ್ವಾಪ್‌ನ ಮುಂದಿನ ದಾರಿಯ ಬಗ್ಗೆ ಕ್ರಿಸ್ ಲಿ ಅಲ್ಲಿ ವಿಚಾರ ಮಂಡಿಸಿದರು. ಅದೇ ತಿಂಗಳು ಎರಡು ಪ್ಯಾಚ್‌ಗಳನ್ನು ಕಳಿಸಿದರು. ಪ್ಯಾಚ್ ಎಂದರೆ ಯಾವ ಸಾಲು ತೆಗೆದು ಯಾವ ಸಾಲು ಸೇರಿಸಬೇಕು ಎಂದು ತೋರಿಸುವ ತಿದ್ದುಪಡಿ. ಸ್ವಾಪ್ ಸಂಕೇತದಲ್ಲಿ ಬಹುಕಾಲ ದುಡಿದ ಹುವಾಂಗ್ ಯಿಂಗ್ ಪ್ರಶ್ನೆಗಳನ್ನೆತ್ತಿದರು. ರಯಾನ್ ರಾಬರ್ಟ್ಸ್, ಬ್ಯಾರಿ ಸಾಂಗ್ ಪರೀಕ್ಷೆ ಮಾಡಿ ಹೇಳಿದರು. ಕೈರುಯಿ ಸಾಂಗ್ ಜೊತೆಗೂಡಿ ಹೊಸ ಭಾಗಗಳನ್ನು ಬರೆದರು. ಜುಲೈ ಕೊನೆಯ ಹೊತ್ತಿಗೆ ಅದು ಐದನೆಯ ಆವೃತ್ತಿಗೆ ಬಂದು 9 ಪ್ಯಾಚ್‌ಗಳ ಸರಣಿಯಾಗಿತ್ತು. ಮೆಮೊರಿ ಭಾಗದ ಹೊಣೆ ಹೊತ್ತ ಆ್ಯಂಡ್ರೂ ಮಾರ್ಟನ್ ಅವರ ಕೈ ದಾಟಿ, 2024ರ ನವೆಂಬರ್ 17ರಂದು ಬಿಡುಗಡೆಯಾದ ಲಿನಕ್ಸ್ 6.12ರಲ್ಲಿ ಎಲ್ಲರಿಗೂ ಸಿಕ್ಕಿತು.

ತಿದ್ದುಪಡಿಯ ತಿರುಳು ಹೇಳಲು ಸುಲಭ. ಪ್ರತಿ ಕ್ಲಸ್ಟರಿಗೂ ಅದು ಯಾವ ಅಳತೆಯ ಘಟಕಗಳಿಗೆ ಮೀಸಲು ಎಂಬ ಗುರುತು ಬಂತು. 16 ಸ್ಲಾಟಿನ ಘಟಕಗಳಿಗೆ ಕೊಟ್ಟ ಕ್ಲಸ್ಟರ್ ಅರ್ಧ ತುಂಬಿದರೂ ಅದನ್ನು ಮರೆತುಬಿಡುವುದಿಲ್ಲ, ‘ಇನ್ನೂ ತುಂಬಿಲ್ಲ’ ಎಂಬ ಪಟ್ಟಿಯಲ್ಲಿ ಇಡುತ್ತಾರೆ. ಒಂದೊಂದು ಅಳತೆಗೂ ಅಂಥ ಬೇರೆ ಬೇರೆ ಪಟ್ಟಿ. ಒಳಗೆಲ್ಲ ಒಂದೇ ಅಳತೆಯ ಘಟಕಗಳಿರುವುದರಿಂದ, ಒಂದು ಘಟಕ ಇಡಿಯಾಗಿ ಖಾಲಿ ಮಾಡಿದ ಜಾಗ ಇನ್ನೊಂದಕ್ಕೆ ಸರಿಯಾಗಿ ಹೊಂದುತ್ತದೆ. ಚೂರಾಗಿ ಹೋದ ಕ್ಲಸ್ಟರ್‌ಗಳಿಗೆ ಇನ್ನೊಂದು ಪಟ್ಟಿ, ಪೂರ್ತಿ ತುಂಬಿದವಕ್ಕೆ ಮತ್ತೊಂದು. ಸಣ್ಣ ಪುಟಗಳು ದೊಡ್ಡವುಗಳ ಕ್ಲಸ್ಟರಿಗೆ ಕೈ ಹಾಕುವುದು ಬೇರೆ ದಾರಿಯೇ ಇಲ್ಲದಾಗ ಮಾತ್ರ. ಮೇಲಿನ ಲೆಕ್ಕದಲ್ಲಿ ಕರ್ನಲ್‌ನ ಕಣ್ಣಿಗೆ ಬೀಳದೇ ಉಳಿದ ಆ 992 ಜಾಗಗಳಂಥವು ಹಾಳಾಗದೆ ಬಳಕೆಗೆ ಬರುವುದು ಹೀಗೆ.

ಇದರಲ್ಲಿ ನನಗೆ ಮೆಚ್ಚುಗೆಯಾಗುವುದು ಆ ಶಿಸ್ತು. ದೋಷ ಕಂಡವರು ‘ಫೋನ್ ನಿಧಾನವಾಗಿದೆ’ ಎಂದು ಹೇಳಿ ಸುಮ್ಮನಾಗಲಿಲ್ಲ. ಎಷ್ಟು ಘಟಕ ಇಡಿಯಾಗಿ ಹೋಯಿತು, ಎಷ್ಟು ಚೂರಾಯಿತು ಎಂದು ಎಣಿಸಿ ತೋರಿಸಿದರು. ಯಾರು ಬೇಕಾದರೂ ತಮ್ಮ ಕಂಪ್ಯೂಟರಿನಲ್ಲಿ ಆ ದೋಷವನ್ನು ಬರಿಸಿ ನೋಡಲೆಂದು ಬ್ಯಾರಿ ಸಾಂಗ್ ಸಿ ಭಾಷೆಯಲ್ಲಿ ಪುಟ್ಟ ಪರೀಕ್ಷಾ ಪ್ರೋಗ್ರಾಂ ಬರೆದರು. ಅದು ಪುಟಗಳನ್ನು ಹೊರಗೆ ತಳ್ಳುತ್ತದೆ, ಒಳಗೆ ತರುತ್ತದೆ, ಕೆಲವನ್ನು ಬಿಡಿಸುತ್ತದೆ, ಪ್ರತಿ ಸುತ್ತಿಗೂ ಶೇಕಡಾವಾರು ಎಷ್ಟು ಚೂರಾಯಿತೆಂದು ಮುದ್ರಿಸುತ್ತದೆ. ಅದು ಈಗ ಕರ್ನಲ್ ಸಂಕೇತದ ಜೊತೆಯಲ್ಲೇ ಬರುತ್ತದೆ. ಮುಂದೆ ಯಾರಾದರೂ ಈ ಭಾಗ ಮುಟ್ಟಿ ಹಳೆಯ ತಪ್ಪನ್ನೇ ಮರಳಿ ತಂದರೆ ಗೊತ್ತಾಗುತ್ತದೆ.

ಕಡತವನ್ನೇ ಕೆಡಿಸಿದ ದೋಷ

ಮೇಲಿನ ದೋಷದಿಂದ ಯಾರ ಕಡತವೂ ಹಾಳಾಗಲಿಲ್ಲ, ಕೆಲಸ ಸದ್ದಿಲ್ಲದೆ ಕುಂಟುತ್ತಿತ್ತು, ಅಷ್ಟೆ. ಸ್ವಾಪ್‌ನಲ್ಲಿ ಜಾಗದ ಲೆಕ್ಕ ತಪ್ಪಿದರೆ ಅನಾಹುತವೂ ಆಗಬಹುದು ಎಂಬುದಕ್ಕೆ 2021ರ ಪ್ರಕರಣ ಸಾಕ್ಷಿ.

ಆ ವರ್ಷದ ಫೆಬ್ರವರಿ ಕೊನೆಗೆ ಲಿನಕ್ಸ್ 5.12ರ ಮೊದಲ ಪರೀಕ್ಷಾ ಆವೃತ್ತಿ ಬಂತು. ಸಂಕೇತವನ್ನು ಚೊಕ್ಕ ಮಾಡುವ ಭರದಲ್ಲಿ ಸ್ವಾಪ್‌ಗೆ ಬರೆಯುವ ಸ್ಥಳದ ಲೆಕ್ಕಾಚಾರ ತಪ್ಪಿತ್ತು. ಸ್ವಾಪ್‌ಗೆ ಪ್ರತ್ಯೇಕ ಪಾರ್ಟಿಷನ್ ಇಟ್ಟವರಿಗೆ ಏನೂ ಆಗಲಿಲ್ಲ. ಆದರೆ ಕಡತ ವ್ಯವಸ್ಥೆಯ ಒಳಗೇ ಒಂದು ಕಡತವನ್ನು ಸ್ವಾಪ್ ಮಾಡಿಕೊಂಡವರ ಯಂತ್ರದಲ್ಲಿ ಪುಟಗಳು ಆ ಕಡತದೊಳಗೆ ಹೋಗದೆ ಡಿಸ್ಕಿನ ಬೇರೆ ಜಾಗದಲ್ಲಿ ಬರೆಯಲ್ಪಟ್ಟವು. ಅಲ್ಲಿದ್ದ ದತ್ತಾಂಶದ ಮೇಲೆಯೇ! ಕಡತ ವ್ಯವಸ್ಥೆಯೇ ಕೆಟ್ಟುಹೋಗುವ ಅಪಾಯ ಅದು. ಮಾರ್ಚ್ ಮೊದಲ ವಾರದಲ್ಲೇ ಟೊರ್ವಾಲ್ಡ್ಸ್ ಆ ಆವೃತ್ತಿಯನ್ನು ಬಳಸಬೇಡಿ ಎಂದು ಎಚ್ಚರಿಸಿದರು. ಆವೃತ್ತಿಯ ಹೆಸರಿಗೇ ‘ಡೋಂಟ್‌ಯೂಸ್’ ಎಂದು ಸೇರಿಸಿದರು. ಜೆನ್ಸ್ ಆಕ್ಸ್‌ಬೋ ಬರೆದ ತಿದ್ದುಪಡಿ ಕೆಲವೇ ಸಾಲಿನದು. ಅದನ್ನು ಸೇರಿಸಿ ಎರಡನೆಯ ಪರೀಕ್ಷಾ ಆವೃತ್ತಿಯನ್ನು ಬೇಗ ಹೊರತಂದರು.

ಅಷ್ಟು ದೊಡ್ಡ ತಪ್ಪು ಬಿಡುಗಡೆಗೆ ಮುಂಚೆ ಹೆಚ್ಚಿನವರ ಕಣ್ಣಿಗೆ ಬೀಳದೆ ಹೋದದ್ದೇಕೆ? ಕರ್ನಲ್ ಬರೆಯುವವರ ಯಂತ್ರಗಳಲ್ಲಿ ರ‍್ಯಾಮ್ ಬೇಕಾದಷ್ಟು ಇರುತ್ತದೆ, ಸ್ವಾಪ್ ಮುಟ್ಟುವ ಪ್ರಸಂಗವೇ ಅಪರೂಪ. ಸ್ವಾಪ್ ಇದ್ದರೂ ಪ್ರತ್ಯೇಕ ಪಾರ್ಟಿಷನ್‌ನಲ್ಲಿ ಇಡುವುದು ಹಳಬರ ರೂಢಿ. ಸ್ವಾಪ್ ಕಡತ ಹೆಚ್ಚಾಗಿ ಇರುವುದು ಉಬುಂಟು ಥರದ ಲಿನಕ್ಸ್ ಹಾಕಿಕೊಂಡ ಸಾಮಾನ್ಯ ಬಳಕೆದಾರರಲ್ಲಿ. ತಜ್ಞರ ಮೇಜಿನ ಮೇಲಿಲ್ಲದ ಸಂದರ್ಭ ತಜ್ಞರ ಪರೀಕ್ಷೆಯಿಂದಲೂ ತಪ್ಪಿಸಿಕೊಂಡಿತು.

ಈಗ ಮೂರನ್ನೂ ಒಟ್ಟಿಗೆ ಇಟ್ಟು ನೋಡಿ. 1991ರಲ್ಲಿ ಸ್ವಾಪ್ ಬೇಕೆಂದು ತೋರಿಸಿಕೊಟ್ಟದ್ದು 2 ಎಂಬಿಯ ಯಂತ್ರ. 2021ರ ದೋಷ ಕಚ್ಚಿದ್ದು ತಜ್ಞರ ರೂಢಿಗಿಂತ ಬೇರೆ ಬಗೆಯಲ್ಲಿ ಸ್ವಾಪ್ ಇಟ್ಟವರನ್ನು. 2024ರ ದೋಷ ಕಂಡದ್ದು ನೂರಾರು ಜಿಬಿ ಮೆಮೊರಿಯ ಸರ್ವರ್‌ನಲ್ಲಲ್ಲ, ಕೈಯಲ್ಲಿ ಹಿಡಿಯುವ ಫೋನಿನಲ್ಲಿ.

ನಮ್ಮ ನಾಲ್ಕು ತಾಲ್ಲೂಕು

ಕರ್ನಲ್ ಕೆಲಸ ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಐಬಿಎಂ ಲಿನಕ್ಸ್ ತಂತ್ರಜ್ಞಾನ ಕೇಂದ್ರದ ತಂಡ ಇದೇ ಮೆಮೊರಿ ಭಾಗದಲ್ಲಿ ದೊಡ್ಡ ಕೆಲಸ ಮಾಡಿದೆ. ಪ್ರೋಗ್ರಾಂಗಳ ಗುಂಪೊಂದು ಇಂತಿಷ್ಟೇ ಮೆಮೊರಿ ಬಳಸಬೇಕೆಂದು ಮಿತಿ ಹಾಕುವ ‘ಮೆಮೊರಿ ಕಂಟ್ರೋಲರ್’ 2008ರ ಏಪ್ರಿಲ್‌ನಲ್ಲಿ ಲಿನಕ್ಸ್ 2.6.25ರೊಂದಿಗೆ ಬಂತು. ಅದನ್ನು ಮುನ್ನಡೆಸಿದ್ದು ಐಬಿಎಂನ ಬಲ್ಬೀರ್ ಸಿಂಗ್. ಮರುವರ್ಷ ಜಪಾನಿನ ಕಾಮೆಜಾವಾ ಹಿರೊಯುಕಿ ಅದಕ್ಕೆ ಸ್ವಾಪ್‌ನ ಲೆಕ್ಕವನ್ನೂ ಸೇರಿಸಿದರು. ಇಂದು ಜಗತ್ತಿನ ದತ್ತಾಂಶ ಕೇಂದ್ರಗಳಲ್ಲಿ ಓಡುವ ‘ಕಂಟೇನರ್’ ಎಂಬ ಪ್ರೋಗ್ರಾಂ ಗುಂಪುಗಳು ಬಹುಮಟ್ಟಿಗೆ ಈ ಸೌಲಭ್ಯದ ಮೇಲೆ ನಿಂತಿವೆ.

ಬೆಂಗಳೂರಿನಿಂದ ಈ ಕೆಲಸ ಇನ್ನೂ ನೂರು ಚಿಲ್ಲರೆ ಕಿಲೋಮೀಟರ್ ಈಚೆಗೆ ಬರಬೇಕು ಎಂಬುದು ನನ್ನ ಆಸೆ. ಕೆ.ಆರ್. ಪೇಟೆಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಇದೆ. ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳವಾಡಿಯಲ್ಲಿ ಮಹಾರಾಜ ತಾಂತ್ರಿಕ ಸಂಸ್ಥೆ, ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಬಿಜಿಎಸ್ ತಾಂತ್ರಿಕ ಸಂಸ್ಥೆ ಇವೆ. ಪಾಂಡವಪುರದ ಮಕ್ಕಳಿಗೆ ಬೆಳವಾಡಿಯೂ ದೂರವಲ್ಲ, 1962ರಿಂದ ನಡೆಯುತ್ತಿರುವ ಮಂಡ್ಯದ ಪಿಇಎಸ್ ಕಾಲೇಜೂ ದೂರವಲ್ಲ. ಕಂಪ್ಯೂಟರ್ ಸೈನ್ಸ್ ಓದುವ ಎಲ್ಲರೂ ಆಪರೇಟಿಂಗ್ ಸಿಸ್ಟಮ್ ಎಂಬ ವಿಷಯ ಓದುತ್ತಾರೆ. ಯಾವ ಪುಟವನ್ನು ಹೊರಗೆ ಕಳಿಸಬೇಕೆಂಬ ಸೂತ್ರಗಳನ್ನು ಪರೀಕ್ಷೆಗೆ ಬಿಡಿಸುತ್ತಾರೆ. ಹೊರಗೆ ಹೋದ ಪುಟಕ್ಕೆ ಜಾಗ ಹೇಗೆ ಸಿಗುತ್ತದೆ ಎಂಬುದು ಪಠ್ಯಪುಸ್ತಕದಲ್ಲಿ ಸಾಮಾನ್ಯವಾಗಿ ಚಿಕ್ಕ ಭಾಗ. ಇಲ್ಲಿ ಬರೆದ ದೋಷಗಳೆಲ್ಲ ಆ ಚಿಕ್ಕ ಭಾಗಕ್ಕೆ ಸೇರಿದವು.

ಬೇಕಾದ ಸಲಕರಣೆ ಹೆಚ್ಚೇನಲ್ಲ. ಕರ್ನಲ್ ಸಂಕೇತ ಉಚಿತ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಕ್ಯೂಇಎಂಯು ಎಂಬ ಉಚಿತ ತಂತ್ರಾಂಶದಿಂದ ಲ್ಯಾಪ್‌ಟಾಪಿನೊಳಗೇ 512 ಎಂಬಿ ಮೆಮೊರಿಯ ಇನ್ನೊಂದು ಕಂಪ್ಯೂಟರನ್ನು ಓಡಿಸಬಹುದು. ಅದರಲ್ಲಿ ಕರ್ನಲ್ ಬಿದ್ದರೂ ನಿಮ್ಮ ಕಡತಗಳಿಗೆ ಏನೂ ಆಗದು. ಒಳಗೆ 64 ಎಂಬಿಯ ಝೆಡ್‌ರ‍್ಯಾಮ್ ಹಾಕಿ, ಮೊದಲು 6.10, ಆಮೇಲೆ 6.12 ಓಡಿಸಿ, ಎರಡರಲ್ಲೂ ಬ್ಯಾರಿ ಸಾಂಗ್ ಅವರ ಪರೀಕ್ಷೆ ನಡೆಸಿದರೆ ಮೇಲೆ ವಿವರಿಸಿದ ದೋಷವನ್ನೂ ತಿದ್ದುಪಡಿಯನ್ನೂ ಒಂದು ಮಧ್ಯಾಹ್ನದಲ್ಲಿ ಕಣ್ಣಾರೆ ನೋಡಬಹುದು.

ಮುಂದಿನ ಹಂತ ಪತ್ತೆಯ ಕೆಲಸ. ನಿನ್ನೆಯ ಕರ್ನಲ್ ಸರಿಯಿತ್ತು, ಇವತ್ತಿನದರಲ್ಲಿ ದೋಷವಿದೆ, ನಡುವೆ ಹತ್ತು ಸಾವಿರ ಬದಲಾವಣೆಗಳು ಸೇರಿವೆ ಎಂದುಕೊಳ್ಳಿ. ಯಾವುದು ಕಾರಣ? ಸರಿಯಾಗಿ ಮಧ್ಯದ ಬದಲಾವಣೆಯವರೆಗಿನ ಕರ್ನಲ್ ಕಟ್ಟಿ ಪರೀಕ್ಷಿಸಿದರೆ ಅರ್ಧ ಬದಲಾವಣೆಗಳು ಅನುಮಾನದಿಂದ ಹೊರಬೀಳುತ್ತವೆ. ಉಳಿದ ಅರ್ಧದಲ್ಲಿ ಮತ್ತೆ ಅರ್ಧ. ಹೀಗೆ ಹೆಚ್ಚೆಂದರೆ 14 ಪರೀಕ್ಷೆಗಳಲ್ಲಿ ತಪ್ಪು ಮಾಡಿದ ಒಂದೇ ಬದಲಾವಣೆಗೆ ಬಂದು ನಿಲ್ಲಬಹುದು. ‘ಗಿಟ್ ಬೈಸೆಕ್ಟ್’ ಎಂಬ ಆದೇಶ ಇದರ ಲೆಕ್ಕವನ್ನೆಲ್ಲ ತಾನೇ ಇಟ್ಟುಕೊಳ್ಳುತ್ತದೆ. ಬುದ್ಧಿವಂತಿಕೆಗಿಂತ ತಾಳ್ಮೆ ಬೇಡುವ ಕೆಲಸ ಇದು. ಎರಡನೆಯ ವರ್ಷದ ವಿದ್ಯಾರ್ಥಿಯೂ ಮಾಡಬಲ್ಲ. ಹಾಗೆ ಕಾರಣವಾದ ಬದಲಾವಣೆಯನ್ನು ಬೆರಳಿಟ್ಟು ತೋರಿಸಿದರೆ ಅದನ್ನು ಬರೆದವರಿಗೆ ತಿದ್ದುವ ಕೆಲಸ ಬಹಳ ಹಗುರವಾಗುತ್ತದೆ.

ಇಂಗ್ಲಿಷ್ ಸರಾಗವಾಗಿ ಬರುವುದಿಲ್ಲ ಎಂಬ ಅಳುಕು ನಮ್ಮ ಕಡೆಯ ಎಷ್ಟೋ ಮಕ್ಕಳನ್ನು ಇಂಥ ಕೆಲಸದಿಂದ ದೂರ ಇಟ್ಟಿದೆ. ಒಳ್ಳೆಯ ದೋಷ ವರದಿಗೆ ಬೇಕಾದದ್ದು ಐದು ವಿಷಯ: ಯಾವ ಆವೃತ್ತಿಯ ಕರ್ನಲ್, ಎಂಥ ಯಂತ್ರ, ಎಷ್ಟು ಮೆಮೊರಿ, ಏನು ಮಾಡಿದಾಗ ಏನಾಯಿತು, ಕರ್ನಲ್ ತನ್ನ ದಾಖಲೆಯಲ್ಲಿ ಏನು ಬರೆದುಕೊಂಡಿತು. ಇದಕ್ಕೆ ಅಲಂಕಾರದ ಭಾಷೆ ಬೇಕಿಲ್ಲ. ಅಂಕಿಗಳು ಸರಿಯಿದ್ದರೆ ಸಾಕು. 2024ರ ಸ್ವಾಪ್ ದೋಷದ ಚರ್ಚೆಯಲ್ಲಿ ಮುಂದಿದ್ದ ಕೆಲವರ ಮನೆಮಾತೂ ಇಂಗ್ಲಿಷ್ ಅಲ್ಲ.

ಕರ್ನಲ್‌ನ ಒಂದು ಪದ್ಧತಿ ಈ ಮಕ್ಕಳಿಗೆ ಧೈರ್ಯ ಕೊಡಬೇಕು. ತಿದ್ದುಪಡಿಯ ಕೆಳಗೆ ಬರೆದವರ ಹೆಸರಿನ ಜೊತೆಗೆ ದೋಷ ವರದಿ ಮಾಡಿದವರ ಹೆಸರು ‘ರಿಪೋರ್ಟೆಡ್-ಬೈ’ ಎಂದೂ, ಪರೀಕ್ಷೆ ಮಾಡಿದವರ ಹೆಸರು ‘ಟೆಸ್ಟೆಡ್-ಬೈ’ ಎಂದೂ ದಾಖಲಾಗುತ್ತದೆ. ಅದು ಕರ್ನಲ್‌ನ ಚರಿತ್ರೆಯಲ್ಲಿ ಕಾಯಂ. ಒಂದು ಸಾಲೂ ಸಂಕೇತ ಬರೆಯದವರ ದುಡಿಮೆಗೂ ಅಲ್ಲಿ ಬೆಲೆ ಇದೆ.

ಕಾಲೇಜುಗಳು ಇದಕ್ಕೆ ದಾರಿ ಮಾಡಿಕೊಡಬಹುದು. ಪ್ರಯೋಗಾಲಯಕ್ಕೆ ಹೊಸ ಕಂಪ್ಯೂಟರ್ ಬಂದಾಗ 2 ಜಿಬಿ, 4 ಜಿಬಿಯ ಹಳೆಯವನ್ನು ಗುಜರಿಗೆ ಹಾಕದೆ, ಪ್ರತಿ ಹೊಸ ಕರ್ನಲ್‌ನ ಪರೀಕ್ಷಾ ಆವೃತ್ತಿಯನ್ನು ಅವುಗಳ ಮೇಲೆ ಓಡಿಸಲು ಇಟ್ಟುಕೊಳ್ಳಲಿ. ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ದುಡ್ಡು ಕೊಟ್ಟು ತರಿಸಿದ ಹಾಜರಾತಿ ತಂತ್ರಾಂಶದ ಬದಲು ನಿಜವಾದ ಒಂದು ದೋಷ ವರದಿಯನ್ನು, ಚೊಕ್ಕವಾಗಿ ಮಾಡಿದ ಒಂದು ಬೈಸೆಕ್ಟನ್ನು ಮಾನ್ಯ ಮಾಡಲಿ. ಲಿನಕ್ಸ್ ಮೆಮೊರಿ ಭಾಗಕ್ಕೆ ಸಂಕೇತ ಬರೆಯಬಲ್ಲ ಬುದ್ಧಿವಂತರು ಜಗತ್ತಿನ ದೊಡ್ಡ ಕಂಪನಿಗಳಲ್ಲಿ ಇದ್ದಾರೆ. ಅವರ ಸಂಕೇತ 3 ಜಿಬಿ ಫೋನಿನಲ್ಲಿ, ಎಂಟು ವರ್ಷ ಹಳೆಯ ಲ್ಯಾಪ್‌ಟಾಪಿನಲ್ಲಿ ಏನಾಗುತ್ತದೆಂದು ದಿನವೂ ನೋಡಿ ಹೇಳುವವರು ಸಾಲದು. ಅಂಥ ಯಂತ್ರಗಳೂ ಅವುಗಳ ತೊಂದರೆ ಉಂಡವರೂ ನಮ್ಮಲ್ಲಿ ಇದ್ದಾರೆ. ಕಂಡ ತೊಂದರೆಯನ್ನು ಎಣಿಸಿ, ಅಂಕಿಯೊಂದಿಗೆ ಬರೆದು ಕಳಿಸುವ ರೂಢಿಯನ್ನು ತರಗತಿಯಲ್ಲೇ ಕಲಿಸಲು ಶುರು ಮಾಡಿದರೆ, ಕೆ.ಆರ್. ಪೇಟೆಯಿಂದ ಹೋದ ವರದಿಯೊಂದು ಮುಂದಿನ ಯಾವುದೋ ತಿದ್ದುಪಡಿಯ ಕಾರಣವಾಗಬಹುದು. ಅದರ ಲಾಭ ಮೊದಲು ಸಿಗುವುದು ಇಲ್ಲಿನಂಥ ಊರುಗಳ ಫೋನ್‌ಗಳಿಗೇ.